ಉಂಡವರ ಜಾಗ

ಆ ಊರಿನ ಹೈಸ್ಕೂಲಿಗೆ ನನಗೆ ವರ್ಗವಾದಾಗ ಬಾಡಿಗೆಗೆ ಕೋಣೆ ಹುಡುಕಿಕೊಂಡು ಐದಾರು ಮನೆ ಸುತ್ತಿದೆ. ಯಾವ ಕಡೆಯವರು, ಮದುವೆಯಾಗಿದೆಯೇ, ಎಷ್ಟು ಕೊಡುತ್ತೀರಿ ಎಂಬ ಪ್ರಶ್ನೆಗಳೆಲ್ಲ ಆಮೇಲೆ ಬಂದವು. ಎಲ್ಲರೂ ಮೊದಲು ಕೇಳಿದ್ದು ಒಂದೇ: "ಅಡಿಗೆ ನೀವೇ ಮಾಡ್ಕೋತೀರೋ, ನಮ್ಮಲ್ಲೇ ಉಣ್ತೀರೋ?" ನಾನೇ ಮಾಡಿಕೊಳ್ಳುತ್ತೇನೆ ಎಂದ ಮೇಲೆಯೇ ಅವರ ಮುಖ ಸಡಿಲವಾಗುತ್ತಿತ್ತು.

ಕಾರಣ ಬೇಗನೆ ತಿಳಿಯಿತು. ಅಲ್ಲಿಯ ಮನೆಗಳು ತಮ್ಮ ಜನರನ್ನು ಎಣಿಸುತ್ತವೆ. ಮಗು ಹುಟ್ಟಿದರೆ ಒಂದು ಗೋಡೆ ಹೊರಕ್ಕೆ ಸರಿಯುತ್ತದೆ. ಯಾರಾದರೂ ತೀರಿಕೊಂಡರೆ, ಅವರು ಎಲ್ಲೇ ತೀರಿಕೊಂಡಿರಲಿ, ಹುಟ್ಟಿದ ಮನೆಯ ಗೋಡೆ ಒಳಕ್ಕೆ ಬರುತ್ತದೆ. ಮನೆ ಮನೆಗಳ ನಡುವೆ ಇದಕ್ಕೆಂದೇ ಓಣಿ ಬಿಟ್ಟಿರುತ್ತಾರೆ. ಆ ಓಣಿಯಲ್ಲಿ ಯಾರೂ ಸೌದೆ ಒಟ್ಟುವುದಿಲ್ಲ, ಸ್ಕೂಟರ್ ನಿಲ್ಲಿಸುವುದಿಲ್ಲ. ಸತ್ತರು ಎಂಬ ಮಾತನ್ನೂ ಆಡುವುದಿಲ್ಲ. "ಅವರ ಮನೇಲಿ ಗೋಡೆ ಬಂತಂತೆ" ಎನ್ನುತ್ತಾರೆ. ಸುದ್ದಿ ಕೇಳಿದವರು ಆ ಮನೆಗೆ ಹೋಗಿ, ಬರುತ್ತಿರುವ ಗೋಡೆಗೆ ಒರಗಿ ನೆಲದ ಮೇಲೆ ಕೂರುತ್ತಾರೆ. ಇದಕ್ಕೆ ಬೆನ್ನು ಕೊಡುವುದು ಎಂದು ಹೆಸರು. ಮಾತಾಡಬೇಕೆಂದಿಲ್ಲ. ಸ್ವಲ್ಪ ಹೊತ್ತು ಕೂತು ಎದ್ದು ಬಂದರೆ ಆಯಿತು.

ನಿಯಮ ಮೂರು ಸಾಲಿನದು, ಅಂಗನವಾಡಿಯ ಮಕ್ಕಳಿಗೂ ಬಾಯಿಪಾಠ. ಹುಟ್ಟಿದವರ ಜಾಗ ಸಾಯುವವರೆಗೆ. ಉಂಡವರ ಜಾಗ ಉಣ್ಣುವವರೆಗೆ. ಕೊಂಡು ಉಂಡವರಿಗೆ ಜಾಗವಿಲ್ಲ. ಮೂರನೆಯ ಸಾಲಿಗೆ ಬಸ್‌ಸ್ಟ್ಯಾಂಡ್ ಪಕ್ಕದ ರಂಗಣ್ಣನ ಹೋಟೆಲು ಸಾಕ್ಷಿ. ದಿನಕ್ಕೆ ಇನ್ನೂರು ಜನ ಉಂಡರೂ ಅದು ಮೊದಲಿನಷ್ಟೇ ಇಕ್ಕಟ್ಟಾಗಿತ್ತು. ಎರಡನೆಯ ಸಾಲಿನವರು ಸೊಸೆಯಂದಿರು, ದೂರದ ನೆಂಟರು, ಇದ್ದಕ್ಕಿದ್ದಂತೆ ಬಂದು ಉಳಿದುಬಿಟ್ಟವರು. ಅವರು ಉಣ್ಣುವುದನ್ನು ಬಿಟ್ಟು ಹೋದರೆ ಗೋಡೆ ಮತ್ತೆ ಒಳಕ್ಕೆ ಬರುತ್ತದೆ. ಸೊಸೆ ಮುನಿಸಿಕೊಂಡು ತವರಿಗೆ ಹೋದರೆ ಮೂರನೇ ದಿನವೇ ಬೀದಿಗೆಲ್ಲ ಗೊತ್ತಾಗುವ ಊರು ಅದು.

ನನಗೆ ಕೋಣೆ ಸಿಕ್ಕಿದ್ದು ದೇವೀರಮ್ಮನ ಮನೆಯ ಹಿತ್ತಿಲಲ್ಲಿ. ದೇವೀರಮ್ಮ ರವಿಕೆ ಹೊಲಿಯುತ್ತಿದ್ದರು. ಗಂಡ ತೀರಿಕೊಂಡು ಐದು ವರ್ಷವಾಗಿತ್ತು. ಮಗ ಉಮಾಪತಿ ಬೋರ್‌ವೆಲ್ ಕೊರೆಯುವ ಲಾರಿಯ ಜೊತೆ ಊರೂರು ತಿರುಗುತ್ತಿದ್ದ. ನಾನು ಅವನನ್ನು ನೋಡಿಯೇ ಇಲ್ಲ. ಮಗಳು ಕುಸುಮ ಹತ್ತನೇ ತರಗತಿ, ನನ್ನ ಗಣಿತದ ವಿದ್ಯಾರ್ಥಿನಿ. ಜೂನ್‌ನಿಂದ ಎರಡು ತಿಂಗಳು ನಾನು ನನ್ನ ಸೀಮೆಎಣ್ಣೆ ಸ್ಟವ್ ಮೇಲೆ ಅನ್ನ ಮಾಡಿಕೊಂಡು, ಅವರು ಅವರ ಪಾಡಿಗೆ, ನಾನು ನನ್ನ ಪಾಡಿಗೆ ಇದ್ದೆವು.

ಶ್ರಾವಣದ ಒಂದು ಬೆಳಿಗ್ಗೆ ದೇವೀರಮ್ಮ ನನ್ನ ಕೋಣೆಗೆ ಬಂದು, ಉರಿಯುತ್ತಿದ್ದ ಸ್ಟವ್ ಅನ್ನು ತಾವೇ ಆರಿಸಿದರು. "ಇವತ್ತಿಂದ ನಮ್ಮಲ್ಲೇ ಉಣ್ಣಿ ಟೀಚರಮ್ಮ. ಆ ಎಣ್ಣೆ ವಾಸನೆ ಅನ್ನ ಎಷ್ಟು ದಿನಾಂತ ತಿಂತೀರಿ?"

"ಗೋಡೆ ಸರಿಯುತ್ತಲ್ಲ ದೇವೀರಮ್ಮ, ನೀವು ಒಪ್ಪಲ್ಲ ಅಂದ್ಕೊಂಡಿದ್ದೆ."

"ದುಡ್ಡು ಕೊಟ್ಟು ಉಣ್ಣೋರಿಗೆ ಗೋಡೆ ಎಲ್ಲಿ ಸರಿಯುತ್ತೆ? ತಿಂಗಳಿಗೆ ಇಷ್ಟೂಂತ ಕೊಡುವಿರಂತೆ."

"ಎಷ್ಟು ಕೊಡ್ಲಿ?"

"ಆಮೇಲೆ ಹೇಳ್ತೀನಿ, ಏಳಿ. ರೊಟ್ಟಿ ಆರ್ತಿದೆ."

ತಿಂಗಳ ಕೊನೆಗೆ ಕೇಳಿದೆ. "ಅವಸರ ಏನು, ಎಲ್ಲಿಗೆ ಓಡ್ಹೋಗ್ತೀರಾ?" ಎಂದರು. ಮುಂದಿನ ತಿಂಗಳೂ ಅದೇ ಉತ್ತರ. ದಸರಾ ರಜೆಗೆ ನಾನು ಊರಿಗೆ ಹೊರಟಾಗ ಒಂದು ಡಬ್ಬಿ ತುಂಬ ಒಣರೊಟ್ಟಿ, ಚಟ್ನಿಪುಡಿ ಕಟ್ಟಿಕೊಟ್ಟು, "ಅಲ್ಲಿ ಏನೇ ತಿನ್ನಿ, ದಿನಕ್ಕೊಂದು ನಮ್ಮ ರೊಟ್ಟಿ ಮುರೀಬೇಕು. ನನ್ನಾಣೆ" ಎಂದರು. ಅಕ್ಕರೆ ಎಂದುಕೊಂಡೆ. ಆಣೆಯನ್ನು ನಡೆಸಿದೆ.

ನಾನು ಅವರಲ್ಲಿ ಉಣ್ಣಲು ಶುರುಮಾಡಿದ ವಾರವೇ ಇನ್ನೊಂದು ಸಂಗತಿ ನಡೆದಿತ್ತು. ಆಗ ಅದಕ್ಕೆ ಬೆಲೆ ಕೊಟ್ಟಿರಲಿಲ್ಲ. ಆ ಮನೆಯಲ್ಲಿ ಸರಿಯುವ ಗೋಡೆ ಒಂದೇ, ಉಮಾಪತಿಯ ಕೋಣೆಯ ಪೂರ್ವದ್ದು. ಅದರೆದುರು ಮರದ ಕಪಾಟು. ನಡುವೆ ಕಪಾಟಿನ ಬಾಗಿಲು ತೆರೆಯುವಷ್ಟೇ ಜಾಗ. ಕುಸುಮ ಒಳಗಿನಿಂದ ಕೂಗಿದಳು: "ಅಮ್ಮಾ, ಅಣ್ಣನ ಕಪಾಟು ತೆಗೆಯೋಕಾಗ್ತಿಲ್ಲ. ಬಾಗ್ಲು ಗೋಡೆಗೆ ತಾಗ್ತಿದೆ."

"ಮಳೆಗೆ ಮರ ಉಬ್ಬಿದೆ ಕಣೇ. ಎಳೀಬೇಡ, ಕಿತ್ಕೊಂಡು ಬರುತ್ತೆ" ಎಂದರು ದೇವೀರಮ್ಮ. ಅವರು ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. ದೀಪಾವಳಿಯ ಹೊತ್ತಿಗೆ ಬಾಗಿಲು ಮೊದಲಿನಂತೆ ತೆರೆಯಿತು. ಮರ ಒಣಗಿತು ಎಂದುಕೊಂಡೆವು.

ಆ ನಡುವೆ ಲಾರಿಯ ಏಜೆಂಟನಿಂದ ಫೋನ್ ಬಂದಿತ್ತು. ಉತ್ತರದ ಕಡೆ ಎಲ್ಲೋ ಕೆಲಸ ಮುಗಿಸಿ ಬರುವಾಗ ಉಮಾಪತಿ ಲಾರಿಯಿಂದ ಇಳಿದು ಹೋದ, ವಾಪಸು ಬರಲಿಲ್ಲ, ಅವನ ಚೀಲ ನಮ್ಮ ಹತ್ತಿರವೇ ಇದೆ ಎಂದಷ್ಟೇ ಆತ ಹೇಳಿದ. ಎರಡು ಕಡೆ ಪೊಲೀಸರಿಗೆ ದೂರು ಕೊಟ್ಟದ್ದಾಯಿತು. ಯಾವ ಸುದ್ದಿಯೂ ಬರಲಿಲ್ಲ. ಬೇರೆ ಊರಾಗಿದ್ದರೆ ಆ ಮನೆ ಕಂಗಾಲಾಗುತ್ತಿತ್ತು. ಇಲ್ಲಿ ಹಾಗಾಗಲಿಲ್ಲ. ಕುಸುಮ ಪ್ರತಿ ಭಾನುವಾರ ಅಮ್ಮನ ಹೊಲಿಗೆ ಟೇಪು ತೆಗೆದುಕೊಂಡು ಅಣ್ಣನ ಕೋಣೆ ಅಳೆಯುತ್ತಿದ್ದಳು. ಗೋಡೆ ಇದ್ದಲ್ಲೇ ಇತ್ತು. "ಗೋಡೆ ಬಂದಿಲ್ಲ ಅಂದ್ಮೇಲೆ ಅಣ್ಣ ಇದಾನೆ" ಎಂದು ಟೇಪು ಸುತ್ತಿ ಇಡುತ್ತಿದ್ದಳು.

ಪಕ್ಕದ ಮನೆಯ ಸಾವಂತ್ರಮ್ಮ ಗೋಡೆಯನ್ನು ತಾವೇ ತಟ್ಟಿ ನೋಡಿ ಹೋದರು. "ಗೋಡೆ ಗಟ್ಟಿಯಾಗಿದೆಯಲ್ಲ ದೇವೀರಿ, ಇನ್ನೇನು ಯೋಚ್ನೆ? ಯಾವಳನ್ನೋ ಕಟ್ಕೊಂಡಿರ್ತಾನೆ. ಕೂಸು ಎತ್ಕೊಂಡು ಬತ್ತಾನೆ ನೋಡು."

"ಬರ್ಲಿ ಬರ್ಲಿ. ಇಬ್ರಿಗೂ ಒಂದೊಂದು ಪೊರಕೆ ತೆಗೆದಿಟ್ಟಿದೀನಿ" ಎಂದರು ದೇವೀರಮ್ಮ. ಸಾವಂತ್ರಮ್ಮ ನಕ್ಕರು. ದೇವೀರಮ್ಮನೂ ನಕ್ಕರು.

ಶಾಲೆಯಲ್ಲಿ ಘನಫಲ, ಘಾತಾಂಕ ಪಾಠಗಳನ್ನು ಅಲ್ಲಿಯ ಮಕ್ಕಳಿಗೆ ಹೊಸದಾಗಿ ಹೇಳಿಕೊಡಬೇಕಾಗಿಯೇ ಇರಲಿಲ್ಲ. ಒಬ್ಬರ ಪಾಲು ಇನ್ನೂರ ಹದಿನಾರು ಘನ ಅಡಿ, ಅಂದರೆ ಆರರ ಘಾತ ಮೂರು. ಹನ್ನೆರಡು ಅಡಿ ಉದ್ದ, ಒಂಬತ್ತು ಅಡಿ ಎತ್ತರದ ಗೋಡೆಯಾದರೆ ಅದು ಒಟ್ಟು ಎರಡು ಅಡಿ ಸರಿಯಬೇಕು. ಒಂದೇ ಸಲಕ್ಕೆ ಸರಿಯುವುದಿಲ್ಲ. ಮೊದಲ ತಿಂಗಳು ಅರ್ಧ, ಮುಂದಿನ ತಿಂಗಳು ಉಳಿದದ್ದರಲ್ಲಿ ಅರ್ಧ, ಆಮೇಲೆ ಅದರ ಅರ್ಧ. ಒಂದು ಅಡಿ, ಆರು ಅಂಗುಲ, ಮೂರು ಅಂಗುಲ, ಒಂದೂವರೆ. ಹೊರಕ್ಕೆ ಹೋಗುವುದೂ ಒಳಕ್ಕೆ ಬರುವುದೂ ಇದೇ ದರದಲ್ಲಿ. ಪಠ್ಯಪುಸ್ತಕದಲ್ಲಿ ಬ್ಯಾಕ್ಟೀರಿಯಾದ ಉದಾಹರಣೆ ಇತ್ತು. ನಾನು ಅದನ್ನು ಬಿಟ್ಟು ಗೋಡೆಯ ಲೆಕ್ಕವನ್ನೇ ಹಾಕಿಸಿದೆ.

"ಮಿಸ್, ನಮ್ಮ ತಾತ ಊಟಾನೇ ಮಾಡಲ್ಲ, ಬರೀ ಕಾಫಿ. ಅವರಿಗೆ ಘನ ಅಡೀನಾ, ಲೀಟರಾ?" ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ. ತರಗತಿ ನಕ್ಕಿತು. ನಗು ಇಳಿದ ಮೇಲೆ ಕುಸುಮ ಎದ್ದು ನಿಂತಳು.

"ಅರ್ಧ ಅರ್ಧ ಮಾಡ್ತಾನೇ ಹೋದ್ರೆ ಸೊನ್ನೆ ಆಗೋದು ಯಾವಾಗ ಮಿಸ್?"

"ಆಗಲ್ಲ. ಎರಡರ ಘಾತ ಎಷ್ಟೇ ದೊಡ್ಡದಾದರೂ ಭಾಗಿಸಿದಾಗ ಏನೋ ಒಂದು ಉಳಿಯುತ್ತೆ."

"ಹಂಗಾದ್ರೆ ನಮ್ಮಪ್ಪಂದು ಇನ್ನೂ ಇದೆ."

"ಲೆಕ್ಕದ ಪ್ರಕಾರ ಇದೆ" ಎಂದೆ. "ಟೇಪಿಗೆ ಸಿಗಲ್ಲ, ಅಷ್ಟೆ."

ಅವಳು ತಲೆಯಾಡಿಸಿ ಕೂತಳು. ಗಣಿತದಲ್ಲಿ ನಾನು ಕಂಡ ಮಕ್ಕಳಲ್ಲಿ ಅವಳಷ್ಟು ಚುರುಕಿನವರು ಕಡಿಮೆ. ಉತ್ತರ ಬಂದ ಮೇಲೂ ಲೆಕ್ಕವನ್ನು ಬಿಡುತ್ತಿರಲಿಲ್ಲ. ಸಂಖ್ಯೆ ಬದಲಾಯಿಸಿ ನೋಡುತ್ತಿದ್ದಳು. ಪರೀಕ್ಷೆ ಬರೆದು ಡಿಪ್ಲೊಮಾ ಸೇರಬೇಕು, ಅಣ್ಣ ಬಂದವನೇ ಸೇರಿಸುತ್ತೇನೆಂದು ಮಾತು ಕೊಟ್ಟಿದ್ದಾನೆ ಎಂದು ನನಗೆ ಹೇಳಿದ್ದಳು.

ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಜಗಲಿಯಲ್ಲಿ ಅವಳಿಗೆ ಹಳೆಯ ಪ್ರಶ್ನೆಪತ್ರಿಕೆಗಳನ್ನು ಮಾಡಿಸುತ್ತಿದ್ದೆ. ಒಳಗೆ ದೇವೀರಮ್ಮನ ಯಂತ್ರದ ಸದ್ದು. ಲೆಕ್ಕ ಹೀಗಿತ್ತು: ಒಂದು ನಲ್ಲಿ ತೊಟ್ಟಿಯನ್ನು ಆರು ಗಂಟೆಗಳಲ್ಲಿ ತುಂಬುತ್ತದೆ. ತಳದ ಕೊಳವೆ ತುಂಬಿದ ತೊಟ್ಟಿಯನ್ನು ಎಂಟು ಗಂಟೆಗಳಲ್ಲಿ ಖಾಲಿ ಮಾಡುತ್ತದೆ. ಎರಡನ್ನೂ ಒಟ್ಟಿಗೆ ತೆರೆದರೆ ಖಾಲಿ ತೊಟ್ಟಿ ತುಂಬಲು ಎಷ್ಟು ಹೊತ್ತು ಬೇಕು?

"ಇಪ್ಪತ್ನಾಲ್ಕು ಗಂಟೆ" ಎಂದಳು. "ಈ ಪುಸ್ತಕ ಬರೆಯೋರ ಮನೇಲಿ ಕೊಳವೆ ಮುಚ್ಚೋಕೆ ಯಾರಿಗೂ ಬುದ್ಧಿ ಇರಲ್ವಾ ಮಿಸ್?"

"ಮುಚ್ಚಿಬಿಟ್ರೆ ನಿಂಗೆ ನಾಲ್ಕು ಅಂಕ ಎಲ್ಲಿಂದ ಬರಬೇಕು?"

ನಕ್ಕಳು. ಆಮೇಲೆ ಎಂದಿನಂತೆ ಸಂಖ್ಯೆ ಬದಲಾಯಿಸಿದಳು. "ತೊಟ್ಟಿ ಮೊದಲೇ ತುಂಬಿರ್ಲಿ. ನಲ್ಲೀದೂ ಆರು ಗಂಟೆ, ಕೊಳವೇದೂ ಆರೇ ಗಂಟೆ ಆದ್ರೆ?"

"ಬರೋದು, ಹೋಗೋದು ಸಮ. ನೀರು ಇದ್ದಷ್ಟೇ ಇರುತ್ತೆ."

"ಬರೀ ನೀರು ನೋಡೋರಿಗೆ?"

"ಏನೂ ಗೊತ್ತಾಗಲ್ಲ. ಎರಡೂ ಮುಚ್ಚಿವೆ ಅಂದ್ಕೋತಾರೆ. ಒಳ್ಳೆ ಪ್ರಶ್ನೆ ಕೇಳ್ದೆ ಕುಸುಮಾ."

ಅವಳು ಪೆನ್ಸಿಲಿನ ತುದಿಯನ್ನು ನೋಡುತ್ತ ಕೂತಳು. ಆಮೇಲೆ ಸಣ್ಣ ದನಿಯಲ್ಲಿ, "ಮಿಸ್, ನೀವು ಊಟಕ್ಕೆ ಅಮ್ಮಂಗೆ ತಿಂಗಳಿಗೆ ಎಷ್ಟು ಕೊಡ್ತೀರಾ?" ಎಂದಳು.

"ಇನ್ನೂ ಒಂದು ರೂಪಾಯೀನೂ ಕೊಟ್ಟಿಲ್ಲ. ಯಾವಾಗ ಕೇಳಿದ್ರೂ ಆಮೇಲೆ ಅಂತಾರೆ" ಎಂದೆ. ಪ್ರಶ್ನೆ ಕೇಳಿದರೆ ನಿಜವಾದ ಉತ್ತರ ಕೊಡುವುದು ನನ್ನ ಅಭ್ಯಾಸ. ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಆ ಕ್ಷಣದಲ್ಲಿ ಹೊಳೆಯಲಿಲ್ಲ.

ಅವಳು ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಬರೆಯತೊಡಗಿದಳು. ಎಡಗಡೆ ಅರ್ಧ, ಕಾಲು, ಅರೆಕಾಲು. ಬಲಗಡೆ ಅರ್ಧ, ಮುಕ್ಕಾಲು, ಎಂಟರಲ್ಲಿ ಏಳು. ಎಡಗಡೆಯದು ಹೋಗುವವರದ್ದು, ಬಲಗಡೆಯದು ಬರುವವರದ್ದು. ಯಾವ ಸಾಲು ಕೂಡಿದರೂ ಮೊತ್ತ ಒಂದು. ಕೆಳಗಿನವರೆಗೂ ಕೂಡಿದಳು. ಎಲ್ಲ ಸಾಲೂ ಒಂದೇ. ಆಗ ನನಗೂ ತಿಳಿಯಿತು. ನಾನು ದುಡ್ಡು ಕೊಡದೆ ಉಂಡಿದ್ದೆ. ಈ ಮನೆ ಎರಡು ಅಡಿ ಹಿಗ್ಗಬೇಕಾಗಿತ್ತು. ಹಿಗ್ಗಿರಲಿಲ್ಲ.

ಕುಸುಮ ರಬ್ಬರ್ ತೆಗೆದುಕೊಂಡು ಬರೆದದ್ದನ್ನೆಲ್ಲ ಉಜ್ಜಿದಳು. ಕಾಗದ ಸವೆದು ತೂತಾಯಿತು. "ಅಮ್ಮಂಗೆ ಹೇಳ್ಬೇಡಿ ಮಿಸ್. ಅವಳು ಆ ಗೋಡೆ ನೋಡ್ಕೊಂಡೇ ಬದುಕಿದಾಳೆ" ಎಂದಳು. ಒಳಗೆ ಯಂತ್ರದ ಸದ್ದು ನಿಂತು ಮತ್ತೆ ಶುರುವಾಯಿತು. ಅವಳು ಕಣ್ಣು ಒರೆಸಿಕೊಂಡು ಮುಂದಿನ ಲೆಕ್ಕವನ್ನು ಗಟ್ಟಿಯಾಗಿ ಓದಿದಳು. ಸಿಲಿಂಡರಿನ ಘನಫಲದ್ದು. ಬಾವಿ ತೋಡಿದ ಮಣ್ಣಿನ ಲೆಕ್ಕ. ಅದನ್ನೂ ಸರಿಯಾಗಿ ಮಾಡಿದಳು.

ನಾನು ನನ್ನ ಕೋಣೆಗೆ ಹೋಗಿ ಆ ಕಪಾಟಿನ ಬಾಗಿಲನ್ನು ನೆನೆದೆ. ಗೋಡೆ ಬರಲು ಶುರುವಾಗಿ ಮೂರು ದಿನ ಕಳೆದರೆ ಅದು ಒಂದೂವರೆ ಅಂಗುಲದಷ್ಟು ಒಳಗೆ ಬಂದಿರುತ್ತದೆ. ಬಾಗಿಲು ತಾಗಲು ಅಷ್ಟು ಸಾಕು. ಆಮೇಲೆ ಇನ್ನೊಬ್ಬರು ಉಣ್ಣತೊಡಗಿದರೆ ಆ ಒಂದೂವರೆ ಅಂಗುಲವೂ ತಿಂಗಳಿಗೆ ಅರ್ಧದಂತೆ ಹಿಂದಕ್ಕೆ ಹೋಗುತ್ತದೆ. ದೀಪಾವಳಿಗೆ ಬಾಗಿಲು ತೆರೆದದ್ದು ಹಾಗೆ. ದೇವೀರಮ್ಮ ಬಂದು ನನ್ನ ಸ್ಟವ್ ಆರಿಸಿದ್ದು ಗೋಡೆ ತಾಗಿದ್ದನ್ನು ಕಂಡ ಮೇಲೆ. ಏಜೆಂಟನ ಫೋನ್ ಬರುವುದಕ್ಕೂ ಮೊದಲೇ ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಪೊರಕೆಯ ಮಾತಾಡಿ ನಕ್ಕಿದ್ದರು.

ಹೀಗೆ ಅಮ್ಮನಿಗೆ ಗೊತ್ತಾಗಬಾರದೆಂದು ಮಗಳು, ಮಗಳಿಗೆ ಗೊತ್ತಾಗಬಾರದೆಂದು ಅಮ್ಮ. ನಡುವೆ ತಟ್ಟೆಯ ಮುಂದೆ ನಾನು. ಕುಸುಮ ಭಾನುವಾರದ ಅಳತೆಯನ್ನು ಬಿಡಲಿಲ್ಲ. ಟೇಪು ಹಿಡಿದು, "ಇದ್ದಲ್ಲೇ ಇದೆ ಕಣಮ್ಮ" ಎಂದು ಮೊದಲಿಗಿಂತ ಜೋರಾಗಿ ಹೇಳುತ್ತಿದ್ದಳು. "ಇರದೆ ಇನ್ನೇನು?" ಎನ್ನುತ್ತಿದ್ದರು ದೇವೀರಮ್ಮ. ನನ್ನ ತಟ್ಟೆಗೆ ಇನ್ನೊಂದು ಸೌಟು ಬೀಳುತ್ತಿತ್ತು. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಜ್ವರ ಬಂದ ದಿನವೂ ಗಂಜಿ ಕುಡಿದೆ.

ಮಾರ್ಚಿನಲ್ಲಿ ನನಗೆ ವರ್ಗದ ಆದೇಶ ಬಂತು. ಎರಡು ವರ್ಷದಿಂದ ನಾನೇ ಕೇಳಿಕೊಂಡಿದ್ದ ಊರು, ಅಲ್ಲಿ ನನ್ನ ತಂಗಿಯಿದ್ದಳು. ಕುಸುಮ ಶಾಲೆಯಲ್ಲಿದ್ದ ಹೊತ್ತು ನೋಡಿ ಅಡಿಗೆಮನೆಗೆ ಹೋಗಿ ಹೇಳಿದೆ. ದೇವೀರಮ್ಮ ಅವರೆಕಾಳು ಸುಲಿಯುತ್ತಿದ್ದರು. ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ ಹಾಕುತ್ತ ಹೋದರು.

"ಯಾವಾಗ ಹೊರಡ್ಬೇಕು?"

"ಏಪ್ರಿಲ್‌ವರೆಗೂ ಸಮಯ ಇದೆ."

"ಪರೀಕ್ಷೆ ಮುಗಿಯೋವರೆಗೂ ಉಂಡುಬಿಡಿ ಟೀಚರಮ್ಮ. ಅವಳು ಬರೆದುಬಿಡ್ಲಿ. ಅವನು ಲಾರಿ ಹತ್ತೋವಾಗ ಹೇಳಿ ಹೋಗಿದ್ದು ಅದೊಂದೇ, ಅವಳ ಓದು ನಿಲ್ಲಿಸ್ಬೇಡ ಅಂತ." ಕಾಳುಗಳನ್ನು ಮೊರದಲ್ಲಿ ಸರಿಮಾಡಿದರು. "ಆಮೇಲೆ ನಾನು ಯಾರನ್ನೂ ತಡೆಯಲ್ಲ."

"ದೇವೀರಮ್ಮ, ಊಟದ ಲೆಕ್ಕ..."

"ಕೊಟ್ರೆ ಎಲ್ಲ ಹಾಳಾಗುತ್ತೆ ಅಂತ ನಿಮಗೂ ಗೊತ್ತು. ಸುಮ್ನೆ ಯಾಕೆ ಕೇಳ್ತೀರಿ?" ಎಂದರು. ಅವರ ದನಿ ಏರಲಿಲ್ಲ. ನಾನು ಅವರ ಎದುರು ಕೂತು ಕಾಳು ಸುಲಿಯತೊಡಗಿದೆ. ಕುಸುಮಳಿಗೂ ಗೊತ್ತಿದೆ ಎಂಬುದು ಬಾಯಿಗೆ ಬಂದಿತ್ತು. ಹೇಳಬೇಡಿ ಎಂದು ಅವಳು ಕೇಳಿಕೊಂಡಿದ್ದರಿಂದ ಹೇಳಲಿಲ್ಲ.

ಪರೀಕ್ಷೆ ನಡೆಯಿತು. ಗಣಿತದ ದಿನ ಹೊರಗೆ ಬಂದವಳನ್ನು ಹೇಗಿತ್ತು ಎಂದು ಕೇಳಿದೆ. "ತೊಟ್ಟಿ ಲೆಕ್ಕ ಬಂದಿತ್ತು ಮಿಸ್" ಎಂದಳು.

"ಮಾಡಿದ್ಯಾ?"

"ಮಾಡ್ದೆ. ಅದರಲ್ಲಿ ಕೊಳವೆ ನಿಧಾನ ಇತ್ತು. ತುಂಬ್ತು."

ಕೊನೆಯ ಪರೀಕ್ಷೆಯ ಮರುದಿನ ಮಧ್ಯಾಹ್ನದ ಬಸ್ಸಿಗೆ ನಾನು ಹೊರಟೆ. ಪೆಟ್ಟಿಗೆ, ಹಾಸಿಗೆ ಸುತ್ತು ಜಗಲಿಯ ಮೇಲಿದ್ದವು. ಆ ಸೀಮೆಯಲ್ಲಿ ಹೊರಟವರನ್ನು ಉಣಿಸದೆ ಕಳಿಸುವವರಿಲ್ಲ. ದೇವೀರಮ್ಮ ಬೆಳಿಗ್ಗೆಯಿಂದ ಒಲೆಯ ಮುಂದೆಯೇ ಇದ್ದರು. ಅವರೆಕಾಳಿನ ಸಾರು, ಮುದ್ದೆ, ಅನ್ನ, ಪಾಯಸ. ಕೈತೊಳೆದು ಚಾಪೆಯ ಮೇಲೆ ಕೂತೆ. ಕುಸುಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ದೇವೀರಮ್ಮ ತಟ್ಟೆ ಇಟ್ಟು, ಮುದ್ದೆ ಹಾಕಿ, ಸಾರಿನ ಸೌಟು ಎತ್ತಿದರು.

"ಅಮ್ಮಾ, ಮಿಸ್‌ಗೆ ಬಡಿಸ್ಬೇಡ" ಎಂದಳು ಕುಸುಮ.

ದೇವೀರಮ್ಮ ತಿರುಗಿ ನೋಡಿದರು. "ಏನೇ ಅಂದೆ? ಹೊರಟು ನಿಂತೋರಿಗೆ?"

"ಸಾಕಮ್ಮ. ಪರೀಕ್ಷೆ ಮುಗೀತು." ಅವಳು ಚೌಕಟ್ಟು ಬಿಟ್ಟು ಒಳಗೆ ಬಂದಳು. "ಅಣ್ಣಂಗೆ ಇನ್ನೂ ಯಾರೂ ಬೆನ್ನು ಕೊಟ್ಟಿಲ್ಲ."

ಸೌಟಿನಿಂದ ಸಾರು ತಟ್ಟೆಯ ಅಂಚಿಗೆ ತೊಟ್ಟಿಕ್ಕಿತು. ದೇವೀರಮ್ಮ ಮಗಳ ಮುಖವನ್ನು ನೋಡಿದರು, ನನ್ನ ಮುಖವನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ಉಳಿದ ಸಾರನ್ನು ಪಾತ್ರೆಗೆ ಸುರಿದು ಮುಚ್ಚಳ ಮುಚ್ಚಿದರು. ನನ್ನ ಮುಂದಿನ ತಟ್ಟೆಯನ್ನು, ಅದರಲ್ಲಿದ್ದ ಮುದ್ದೆ ಸಮೇತ, ಎತ್ತಿ ಪಕ್ಕಕ್ಕಿಟ್ಟರು. "ಯಾವಾಗಿಂದ ಗೊತ್ತು ನಿಂಗೆ?" ಎಂದರು.

"ತೊಟ್ಟಿ ಲೆಕ್ಕ ಮಾಡಿದಾಗಿಂದ."

"ನಂಗೆ ಕಪಾಟು ತೆಗೆಯೋಕೆ ಹೋದಾಗಿಂದ" ಎಂದರು ದೇವೀರಮ್ಮ.

ಮೂವರೂ ಉಮಾಪತಿಯ ಕೋಣೆಗೆ ಹೋದೆವು. ಮೊದಲು ಕಪಾಟನ್ನು ಸರಿಸಬೇಕಿತ್ತು. ಇಲ್ಲದಿದ್ದರೆ ಮೂರು ನಾಲ್ಕು ದಿನದಲ್ಲೇ ಬಾಗಿಲು ತೆರೆಯುವುದು ನಿಲ್ಲುತ್ತಿತ್ತು. ಅವನ ಅಂಗಿಗಳ ಸಮೇತ ಅದನ್ನು ತಳ್ಳಿ ಪಶ್ಚಿಮದ ಗೋಡೆಗೆ ಹಚ್ಚಿದೆವು. ಆಮೇಲೆ ದೇವೀರಮ್ಮ ಪೂರ್ವದ ಗೋಡೆಗೆ ಒರಗಿ ನೆಲದ ಮೇಲೆ ಕೂತರು. ಕುಸುಮ ಅವರ ಭುಜಕ್ಕೆ ಭುಜ ತಾಗಿಸಿ ಕೂತಳು. ನಾನು ಅವಳ ಪಕ್ಕದಲ್ಲಿ ಕೂತೆ. ಅತ್ತದ್ದು ಕುಸುಮ ಒಬ್ಬಳೇ. ದೇವೀರಮ್ಮ ಎದುರಿನ ಕಪಾಟನ್ನು ನೋಡುತ್ತಿದ್ದರು. ತುಂಬ ಹೊತ್ತಾದ ಮೇಲೆ, "ಬಂತು" ಎಂದರು.

ಮೊದಲ ತಿಂಗಳು ಒಂದು ಅಡಿ ಬರುವ ಗೋಡೆ ದಿನಕ್ಕೆ ಅರ್ಧ ಅಂಗುಲವನ್ನೂ ದಾಟುವುದಿಲ್ಲ. ಒಂದು ಮಧ್ಯಾಹ್ನದಲ್ಲಿ ಅದು ಬೆನ್ನಿಗೆ ತಿಳಿಯುವಂಥದ್ದಲ್ಲ. ಇನ್ನೂ ಒಂದು ಮಾತಿತ್ತು. ಶ್ರಾವಣದಿಂದ ಏಪ್ರಿಲ್‌ಗೆ ಎಂಟು ತಿಂಗಳು. ಎರಡು ಅಡಿಯನ್ನು ಎರಡರ ಘಾತ ಎಂಟರಿಂದ ಭಾಗಿಸಿದರೆ ಉಳಿಯುವುದು ಒಂದು ಅಂಗುಲದ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಉಮಾಪತಿಯ ಪಾಲು ಯಾರೂ ಬೆನ್ನು ಕೊಡದೆ ಎಂದೋ ಹೋಗಿಯಾಗಿತ್ತು. ಇನ್ನು ಬರುವ ಗೋಡೆ ನನ್ನದು. ಕುಸುಮಳಿಗೆ ಆ ಲೆಕ್ಕ ನನಗಿಂತ ಬೇಗ ಬರುತ್ತಿತ್ತು. ಅವಳು ನನ್ನ ಕಡೆ ಒಮ್ಮೆ ನೋಡಿದಳು. "ಹೂಂ ಅಮ್ಮ, ಬಂತು" ಎಂದಳು. ನಾನೂ ಹೂಂ ಎಂದೆ.

ಹೊರಡುವಾಗ ದೇವೀರಮ್ಮ ಬಾಗಿಲವರೆಗೂ ಬಂದು, ಖಾಲಿ ಕೈಗಳನ್ನು ಸೆರಗಿಗೆ ಒರೆಸಿಕೊಂಡು ನಿಂತರು. ಓಣಿಯಲ್ಲಿ ಸಾವಂತ್ರಮ್ಮ ದೇವೀರಮ್ಮನ ಮನೆಯ ಕಡೆ ಬರುತ್ತಿದ್ದರು. ಯಾರು ಹೇಳಿದರೋ ಗೊತ್ತಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿಯವನು ಕಿಟಕಿಯೊಳಗೆ ಪೊಟ್ಟಣ ಚಾಚಿದ. ಕೊಂಡು ತಿಂದದ್ದು ಲೆಕ್ಕಕ್ಕಿಲ್ಲ ಎಂದು ಗೊತ್ತಿತ್ತು. ಆದರೂ ಊರು ದಾಟುವವರೆಗೆ ನಾನು ಏನನ್ನೂ ತಿನ್ನಲಿಲ್ಲ.